ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಮತಪತ್ರ

ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ ಚುನಾವಣೆ ಹತ್ತಿರ ಬಂತೆಂದರೆ ಪರ್ತ್ ನಗರದ ಕ್ಯಾನಿಂಗ್ ವೇಲ್‌ನ ನಮ್ಮ ಮನೆಗೆ ಯೂನಿವರ್ಸಿಟಿಯಲ್ಲಿ ಓದುವ ಕನ್ನಡದ ಮಕ್ಕಳು ಯಾರಾದರೂ ಬಂದೇ ಬರುತ್ತಾರೆ. "ಆಂಟಿ, ಎಲೆಕ್ಷನ್ ಕ್ಯಾಶುಯಲ್ ಜಾಬ್‌ಗೆ ಅಪ್ಲೈ ಮಾಡೋಣ ಅಂತಿದೀನಿ. ಈಸೀನಾ?" ಎಂದು ಕೇಳುತ್ತಾರೆ. "ಈಸಿ ಕಣಪ್ಪ, ಕವರ್ ಒಡೆಯೋದು, ಕಾಗದ ಎಣಿಸೋದು" ಎಂದು ಕಾಫಿ ಕೊಟ್ಟು ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ ಮನಸ್ಸು ಚುಚ್ಚುತ್ತದೆ. ಅಷ್ಟು ಸಲೀಸಾದ ಕೆಲಸವಲ್ಲ ಅದು. ಅದನ್ನು ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸಲೂ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದುವುದಕ್ಕೆ ನನಗೇ ಬೇಜಾರು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೆಲಸ ಇಷ್ಟೇ: ಒಬ್ಬ ಮನುಷ್ಯನ ಹೆಸರನ್ನೂ ಅವನು ಹಾಕಿದ ಮತವನ್ನೂ ಬೇರೆ ಮಾಡುವುದು, ಆಮೇಲೆ ಅವೆರಡೂ ಈ ಜನ್ಮದಲ್ಲಿ ಮತ್ತೆ ಒಂದಾಗದಂತೆ ಕಾಯುವುದು. ಕಸದ ಬುಟ್ಟಿ, ನಾಯಿ ಪಾರ್ಕು, ರಸ್ತೆ ಬದಿಯ ಬೆಂಚು ಇವುಗಳನ್ನು ನೋಡಿಕೊಳ್ಳುವ ಕೌನ್ಸಿಲರ್‌ನನ್ನು ಆರಿಸುವುದಕ್ಕೆ ಇಷ್ಟೆಲ್ಲ ಕಾವಲು ಬೇಕೇ ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ. ಕೊನೆಗೆ ಒಂದು ಮತಪತ್ರ ನನ್ನ ಬಾಯಿ ಮುಚ್ಚಿಸಿತು. ಅದು ಲೆಕ್ಕಕ್ಕೆ ಸೇರಬೇಕೋ ಬೇಡವೋ ಎಂದು ನಾನೇ ತೀರ್ಮಾನಿಸಬೇಕಾಗಿತ್ತು. ಆ ತೀರ್ಮಾನದ ಹಿಂದೆ ಒಬ್ಬ ಅಜ್ಜಿಯ ಮಾನವೂ ಆಕೆಯ ಮಗನ ಗೆಲುವೂ ಇದ್ದವು. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು. ಅಲ್ಲಿ ಟೀಚರ್ ಎಂದರೆ ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. ಬಸ್ಸಿನಲ್ಲಿ ತುಂಬಿಸಿ ಯಾವುದೋ ಊರಿನ ಶಾಲೆಗೆ ಕಳಿಸುತ್ತಿದ್ದರು. ಗುರುತಿನ ಚೀಟಿ ನೋಡಬೇಕು, ಏಜೆಂಟರ ಜಗಳ ಬಿಡಿಸಬೇಕು, ಎಡಗೈ ತೋರುಬೆರಳಿಗೆ ಶಾಯಿ ಹಚ್ಚಬೇಕು. ಬಾಗಿಲಲ್ಲಿ ಪೊಲೀಸರು ಇರುತ್ತಿದ್ದರು. ಜನ ಕಳ್ಳಮತ ಹಾಕಿಯೇ ಹಾಕುತ್ತಾರೆ ಎಂದುಕೊಂಡೇ ಹಾಸಿಗೆಯಿಂದ ಏಳುತ್ತಿದ್ದವಳು ನಾನು. ನಮ್ಮವರು ಭೂಗರ್ಭಶಾಸ್ತ್ರ ಓದಿದವರು. ಗಣಿ ಕಂಪನಿಗಳು ಕರೆದಲ್ಲಿಗೆ ಅವರು ಹೋಗಬೇಕು, ಅವರು ಹೋದಲ್ಲಿಗೆ ನಾನೂ ಹೋಗಬೇಕು. ಹಾಗೆ ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್, ಕಡೆಗೆ ಪರ್ತ್ ಸೇರಿದೆವು. ಮೂರು ಊರಿನಲ್ಲೂ ಕೌನ್ಸಿಲ್ ಚುನಾವಣೆಯ ರೀತಿ ಬೇರೆ ಬೇರೆ. ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಹೇಳಿದರೆ, ಇವಳು ಯಾವ ಲೋಕದವಳು ಎಂಬಂತೆ ಮುಖ ನೋಡುತ್ತಿದ್ದರು.

ಅಡಿಲೇಡಿನಲ್ಲಿ ಗ್ಲೆನೆಲ್ಗ್‌ನ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದೆವು. ಒಂದು ದಿನ ಕೌನ್ಸಿಲ್‌ನವರ ಕರಪತ್ರ ಬಂತು. ನೀವು ಈ ದೇಶದ ಪ್ರಜೆಯಲ್ಲದಿದ್ದರೂ ಇಲ್ಲಿ ವಾಸ ಮಾಡುತ್ತಿದ್ದರೆ ಹೆಸರು ಸೇರಿಸಿಕೊಂಡು ಕೌನ್ಸಿಲ್‌ಗೆ ಮತ ಹಾಕಬಹುದು ಎಂದಿತ್ತು. ನಮ್ಮವರಿಗೆ ತೋರಿಸಿ, "ಇದೇನ್ರೀ, ಮೋಸ ಇರ್ಬೇಕು ಕಣ್ರೀ" ಎಂದೆ. ವೀಸಾದ ಮೇಲೆ ಬಂದವಳು ನಾನು. ಇನ್ನೂ ಟ್ರಾಮಿನಲ್ಲಿ ಎಲ್ಲಿ ಇಳಿಯಬೇಕೆಂದೇ ಸರಿಯಾಗಿ ಗೊತ್ತಿರಲಿಲ್ಲ. ನನ್ನನ್ನು ಹಿಡಿದು, ನಿಮ್ಮ ಬೀದಿ ಯಾರು ನೋಡಿಕೊಳ್ಳಬೇಕು ಹೇಳಿ ಎನ್ನುತ್ತಿದ್ದಾರಲ್ಲ! ಹೆಸರು ಸೇರಿಸಿದೆ. ಕೆಲವು ವಾರಗಳ ಮೇಲೆ ಅಂಚೆಯಲ್ಲಿ ನನ್ನ ಹೆಸರಿಗೇ ಮತಪತ್ರ ಬಂತು. ಅದನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ಸುಮ್ಮನೆ ನೋಡುತ್ತಾ ಕೂತಿದ್ದೆ. ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅದೇ ಚುನಾವಣೆಗೆ ಲಕೋಟೆ ಬಿಚ್ಚುವ ತಾತ್ಕಾಲಿಕ ಕೆಲಸವೂ ಸಿಕ್ಕಿತು. ನನ್ನ ಮೇಲಧಿಕಾರಿ ಮಾರ್ಗರೆಟ್. ಕೂದಲು ಒಂದೂ ಹಾರದಂತೆ ಬಾಚಿಕೊಂಡು ಬರುತ್ತಿದ್ದ ಹೆಂಗಸು. ನಗುವುದನ್ನು ನಾನು ನೋಡಿಲ್ಲ. ಅಂಚೆ ಮತದ ಲಕೋಟೆಗೆ ಒಂದು ಪಟ್ಟಿ ಅಂಟಿಕೊಂಡಿರುತ್ತದೆ. ಅದರ ಮೇಲೆ ಮತದಾರನ ಹೆಸರು, ಸಹಿ. ಸಹಿ ಸರಿಯಿದೆಯೆಂದು ನೋಡಿ, ಪಟ್ಟಿಯನ್ನು ಹರಿದು ಒಂದು ಕಡೆ ಹಾಕಬೇಕು. ಆಮೇಲೆ ಹೆಸರಿಲ್ಲದ ಲಕೋಟೆಗಳನ್ನೆಲ್ಲ ಇಸ್ಪೀಟು ಎಲೆ ಕಲಸಿದಂತೆ ಕಲಸಬೇಕು. ಅದಾದ ಮೇಲೇ ಲಕೋಟೆ ಬಿಚ್ಚುವುದು. ಬಿಚ್ಚಿದ ಕಾಗದವನ್ನೂ ಮಡಿಕೆ ತೆರೆಯದೆ ಪೆಟ್ಟಿಗೆಗೆ ಹಾಕಬೇಕು. ನಾನು ಮೊದಲ ದಿನ ಟೀಚರ್ ಬುದ್ಧಿಯಿಂದ, ಉತ್ತರ ಪತ್ರಿಕೆ ಬಿಡಿಸಿದಂತೆ ಒಂದನ್ನು ಬಿಡಿಸಿಯೇಬಿಟ್ಟೆ. ಮಾರ್ಗರೆಟ್ ಬಂದು ನನ್ನ ಕೈ ಮೇಲೆ ತನ್ನ ಕೈ ಇಟ್ಟು, ಮೆಲ್ಲಗೆ ಮಡಿಸಿ, "ಮತ ಹಾಕಿದವರು ಅದನ್ನು ನಿನಗೆ ತೋರಿಸಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಬೈಗುಳವಲ್ಲ, ಆದರೂ ಕಿವಿ ಬಿಸಿಯಾಯಿತು.

ಎಣಿಕೆ ಶುರುವಾದ ಮೇಲೆ ಆ ಊರಿನ ಮನಸ್ಸು ಏನೆಂದು ತಿಳಿಯಿತು. ಒಬ್ಬರು ಮತಪತ್ರದ ಅಂಚಿನಲ್ಲಿ ಸೀಗಲ್ ಹಕ್ಕಿಗಳ ಕಾಟದ ಬಗ್ಗೆ ದೂರು ಬರೆದಿದ್ದರು. ಒಬ್ಬರು ಎಲ್ಲ ಅಭ್ಯರ್ಥಿಗಳಿಗೂ ಮೇಷ್ಟರ ಹಾಗೆ ಅಂಕ ಕೊಟ್ಟು, ಒಬ್ಬರನ್ನೂ ಪಾಸು ಮಾಡಿರಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಒಂದು. ಯಾರೋ ಹಿರಿಯರು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಕ್ರಮವಾಗಿ ಅಂಕಿಗಳನ್ನು ಹಾಕಿ, ಕೆಳಗೆ ತಾನು ಈ ಮತವನ್ನು ಬಹಳ ಯೋಚಿಸಿ ಹಾಕಿದ್ದೇನೆಂದು ಎರಡು ಸಾಲು ಬರೆದು, "ನಿಮ್ಮ ವಿಶ್ವಾಸಿ" ಎಂದು ತನ್ನ ಪೂರ್ತಿ ಹೆಸರು ಹಾಕಿದ್ದರು. ಅಷ್ಟು ಮರ್ಯಾದಸ್ಥ ಮತವನ್ನು ಮಾರ್ಗರೆಟ್ ತಿರಸ್ಕೃತ ಮತಗಳ ಕಟ್ಟಿಗೆ ಹಾಕಿದಳು. ನನಗೆ ರೇಗಿತು. ಸೀಗಲ್ ಬೈದವರದು ಲೆಕ್ಕಕ್ಕೆ ಬರುತ್ತದೆ, ಇವರದು ಬರುವುದಿಲ್ಲವೇ ಎಂದು ಕೇಳಿದೆ. ಏನು ಬೇಕಾದರೂ ಬರೆಯಲಿ, ಮತ ಯಾರಿಗೆಂದು ಸ್ಪಷ್ಟವಿದ್ದರೆ ಸಾಕು ಎಂದಳು. ಆದರೆ ಹಾಕಿದವರು ಯಾರೆಂದು ಗೊತ್ತಾಗುವ ಗುರುತು ಇರಕೂಡದು. ಒಬ್ಬರಿಗೆ ಹೆಸರು ಬರೆಯಲು ಬಿಟ್ಟರೆ ನಾಳೆ ಗಂಡ ಹೆಂಡತಿಗೆ, ಯಜಮಾನ ಆಳಿಗೆ, ಹೆಸರು ಬರೆದು ತೋರಿಸು ಎನ್ನುತ್ತಾರೆ ಎಂದಳು.

ಬ್ರಿಸ್ಬೇನ್‌ಗೆ ಹೋದರೆ ಅಲ್ಲಿ ಇನ್ನೊಂದು ನಾಟಕ. ಅಲ್ಲಿ ಕೌನ್ಸಿಲ್‌ಗೂ ಮತ ಹಾಕುವುದು ಕಡ್ಡಾಯ. ಹಾಕದಿದ್ದರೆ ದಂಡ. ಫಾರೆಸ್ಟ್ ಲೇಕ್‌ನ ಹತ್ತಿರ ಒಂದು ಶಾಲೆಯ ಹಾಲ್‌ನಲ್ಲಿ ನನಗೆ ಮತಗಟ್ಟೆ ಕೆಲಸ ಬಿತ್ತು. ಕೆರೆ ಸುತ್ತಿ ವಾಕಿಂಗ್ ಮುಗಿಸಿದವರು ಹಾಗೇ ಬೆವರಿಳಿಸಿಕೊಂಡು ಬಂದರು. ನಾಯಿ ಕಟ್ಟಿಕೊಂಡು ಬಂದರು. ಬೀಚಿಗೆ ಹೊರಟವರು ಚಡ್ಡಿಯಲ್ಲೇ ಬಂದರು. ಹೊರಗೆ ಮಕ್ಕಳ ತಂದೆತಾಯಿಯರು ಸಾಸೇಜ್ ಸುಡುತ್ತಿದ್ದರು. ನನ್ನಂಥ ಸಸ್ಯಾಹಾರಿಗೆ ಬ್ರೆಡ್ಡಿನ ನಡುವೆ ಬರೀ ಹುರಿದ ಈರುಳ್ಳಿ ಇಟ್ಟುಕೊಟ್ಟರು. ಪೊಲೀಸ್ ಎಲ್ಲಿ ಎಂದು ಹುಡುಕಿದೆ. ಒಬ್ಬನೂ ಇರಲಿಲ್ಲ.

ಮತದಾರ ಬಂದು ಹೆಸರು, ವಿಳಾಸ ಹೇಳುತ್ತಾನೆ. ಈ ಚುನಾವಣೆಯಲ್ಲಿ ಮೊದಲೇ ಮತ ಹಾಕಿದ್ದೀರಾ ಎಂದು ನಾವು ಕೇಳಬೇಕು. ಅವನು ಇಲ್ಲ ಎನ್ನುತ್ತಾನೆ. ನಾವು ಮತದಾರರ ಪಟ್ಟಿಯಲ್ಲಿ ಸ್ಕೇಲು ಇಟ್ಟು ಹೆಸರಿನ ಮೇಲೆ ಗೆರೆ ಎಳೆಯುತ್ತೇವೆ. ಮುಗಿಯಿತು! ಗುರುತಿನ ಚೀಟಿಯಿಲ್ಲ, ಶಾಯಿಯಿಲ್ಲ. ಬೂತಿನೊಳಗೆ ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲ್. ಪೆನ್ಸಿಲ್ ಕಣ್ರೀ! ಅಳಿಸಿ ತಿದ್ದಿದರೆ ಏನು ಗತಿ! ಬಂದವರೆಲ್ಲರ ಎಡಗೈ ಬೆರಳನ್ನೇ ಕದ್ದು ಕದ್ದು ನೋಡುತ್ತಿದ್ದೆ. ಒಬ್ಬ ಅಜ್ಜ ಕೊನೆಗೆ ಬೆರಳನ್ನು ನನ್ನ ಮುಂದೆ ಚಾಚಿ, ಉಂಗುರ ಹುಡುಕುತ್ತಿದ್ದೀಯಾ, ನನ್ನ ಹೆಂಡತಿ ಹೊರಗೆ ನಿಂತಿದ್ದಾಳೆ ಎಂದು ಕಣ್ಣು ಮಿಟುಕಿಸಿದ. ಪಕ್ಕದ ಮೇಜಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನದ ಹೊತ್ತಿಗೆ ನನಗೆ ನಿಧಾನವಾಗಿ ಅರ್ಥವಾಗತೊಡಗಿತು. ಇಷ್ಟು ಜನ ಬಂದು ಹೋಗುತ್ತಿದ್ದಾರೆ, ಇವರಲ್ಲಿ ಯಾರನ್ನೂ ಯಾರೂ ಅನುಮಾನಿಸುತ್ತಿಲ್ಲ. ಅನುಮಾನಪಟ್ಟು ಪಟ್ಟು ಬೆಳೆದ ನನಗೆ ಅದನ್ನು ನೋಡಿ ಮೈ ಜುಮ್ಮೆಂದಿತು.

ಅಲ್ಲೇ ನಮ್ಮ ಕಡೆಯ ಒಂದು ಜೋಡಿ ಬಂತು. ಗಂಡ ಸಾಫ್ಟ್‌ವೇರಿನವನು. ಹೆಂಡತಿಗೆ ಆಗಷ್ಟೇ ಪೌರತ್ವ ಸಿಕ್ಕಿತ್ತು. ನನ್ನ ಎದೆ ಮೇಲಿನ ಹೆಸರು ಓದಿ ಆತ ಕನ್ನಡಕ್ಕೆ ಇಳಿದ.

"ಮೇಡಂ, ಇವ್ಳಿಗಿದು ಫಸ್ಟ್ ಟೈಮು. ನಾನೂ ಜೊತೇಲಿ ಹೋಗ್ತೀನಿ, ತೋರಿಸ್ಕೊಡ್ತೀನಿ."

"ಆಗಲ್ಲ ಸರ್. ಒಬ್ಬರೇ ಹೋಗ್ಬೇಕು."

"ಅಯ್ಯೋ, ಅವ್ಳಿಗೆ ಗೊತ್ತಾಗಲ್ಲ ಮೇಡಂ."

"ಗೊತ್ತಾಗದಿದ್ರೆ ನನ್ನ ಕೇಳ್ತಾರೆ. ನೀವು ಆ ಗೆರೆ ಹಿಂದೆ ನಿಂತ್ಕೊಳ್ಳಿ."

ಆಕೆ ಏನೂ ಕೇಳದೆ ಒಳಗೆ ಹೋದಳು. ತನ್ನಷ್ಟಕ್ಕೆ ತಾನು ಆರಾಮಾಗಿ ಮುಗಿಸಿ, ಮಡಿಸಿ, ಪೆಟ್ಟಿಗೆಗೆ ಹಾಕಿ ಬಂದಳು. ಬಾಗಿಲು ದಾಟುವವರೆಗೂ ಆತ "ಯಾರಿಗ್ಹಾಕ್ದೆ? ಹೇಳೇ, ಯಾರಿಗ್ಹಾಕ್ದೆ?" ಎಂದು ಕೇಳುತ್ತಲೇ ಇದ್ದ. "ಹೇಳಲ್ಲ" ಎಂದಳು ಆಕೆ. ಅದನ್ನು ಹೇಳುವಾಗ ಆಕೆಯ ಮುಖದಲ್ಲಿದ್ದ ಕಳೆಯನ್ನು ನಾನು ಏನೆಂದು ಬಣ್ಣಿಸಲಿ! ಮದುವೆಯಾದ ಮೇಲೆ ಗಂಡನಿಗೆ ಗೊತ್ತಿಲ್ಲದ ಒಂದು ವಿಷಯ ಆಕೆಗೆ ಮೊದಲ ಸಲ ಸಿಕ್ಕಿತ್ತೋ ಏನೋ.

ಪರ್ತ್‌ಗೆ ಬಂದು ನೆಲೆಯೂರಿದ ಮೇಲೆ ಇದೇ ನನ್ನ ಕಸುಬಾಯಿತು. ನಮ್ಮವರು ಗಣಿಯಲ್ಲಿ ವಾರಗಟ್ಟಲೆ ಇರುತ್ತಿದ್ದರು. ನಾನು ಒಂದು ಕೌನ್ಸಿಲ್‌ನಿಂದ ಇನ್ನೊಂದು ಕೌನ್ಸಿಲ್‌ಗೆ ಕಾರು ಓಡಿಸುತ್ತಿದ್ದೆ. ಕಡೆಕಡೆಗೆ ನಾನೇ ರಿಟರ್ನಿಂಗ್ ಆಫೀಸರ್, ಅಂದರೆ ಆ ಚುನಾವಣೆಯ ಅಧಿಕಾರಿ. ಇಲ್ಲಿ ಕೌನ್ಸಿಲ್ ಮತ ಕಡ್ಡಾಯವಲ್ಲ. ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ. ಹೆಚ್ಚಿನ ಕೌನ್ಸಿಲ್‌ಗಳು ಮತಗಟ್ಟೆ ಬಿಟ್ಟು ಅಂಚೆಗೆ ಬಂದವು. ಸ್ಕೇಲು, ಪೆನ್ಸಿಲ್ ಹೋಗಿ ಲಕೋಟೆ ಮೇಲಿನ ಗೆರೆಗಳನ್ನು ಓದುವ ಯಂತ್ರ ಬಂತು. ಮೊದಲು ಯಾರಿಗೆ ಹೆಚ್ಚು ಮತವೋ ಅವರು ಗೆದ್ದಂತೆ. ಈಗ ಒಂದು, ಎರಡು, ಮೂರು ಎಂದು ಅಂಕಿ ಹಾಕುವ ಪದ್ಧತಿ. ಮೂರ್ನಾಲ್ಕು ಜನ ಅಭ್ಯರ್ಥಿಗಳಿದ್ದರೆ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಹೊಸಬರು ಯಂತ್ರ ನೋಡಿ ಬೆರಗಾಗುತ್ತಾರೆ. ನನಗೆ ಬೆರಗು ಈಗಲೂ ಲಕೋಟೆಯಿಂದ ಆ ಹೆಸರಿನ ಪಟ್ಟಿ ಹರಿಯುವ ಕ್ಷಣವೇ. ಕೆಲವು ಪಟ್ಟಿಗಳ ಮೇಲೆ ಕನ್ನಡದಲ್ಲಿ ಸಹಿ ಇರುತ್ತಿತ್ತು. ಪಕ್ಕದಲ್ಲಿ ಕೂತವರು, ಇದು ಸಹಿಯೋ ಚಿತ್ರವೋ ಎಂದು ನನಗೆ ತೋರಿಸುತ್ತಿದ್ದರು. ಸಹಿ ಎಂದು ಹೇಳುವಾಗ ನನಗೆ ಎಲ್ಲಿಲ್ಲದ ಹೆಮ್ಮೆ. ಮರುಕ್ಷಣವೇ ಅದನ್ನೂ ಹರಿದು ಬೇರೆ ಹಾಕಬೇಕು. ಹಾಕುತ್ತಿದ್ದೆ.

ಇನ್ನು ಆ ಮತಪತ್ರದ ವಿಷಯ. ನಾನು ನಿವೃತ್ತಳಾಗುವ ಮೊದಲಿನ ಕೊನೆಯ ಚುನಾವಣೆ ಅದು. ಕೌನ್ಸಿಲ್ ಯಾವುದೆಂದು ಹೇಳುವುದಿಲ್ಲ. ಹೆಸರುಗಳನ್ನೂ ಬದಲಾಯಿಸಿದ್ದೇನೆ. ಒಂದು ವಾರ್ಡು, ಒಂದೇ ಸ್ಥಾನ, ಇಬ್ಬರೇ ಅಭ್ಯರ್ಥಿಗಳು. ಒಬ್ಬರು ಜೀನಿ, ಹಳೆಯ ಕೌನ್ಸಿಲರ್, ಸಾಕಿದ ನಾಯಿಯ ಜೊತೆ ಬೀದಿ ಬೀದಿ ಸುತ್ತುತ್ತಿದ್ದ ಹೆಂಗಸು. ಇನ್ನೊಬ್ಬ ಗುರುಪ್ರಸಾದ್, ನಮ್ಮವನೇ, ಗಣಿ ಕಂಪನಿಯ ಎಂಜಿನಿಯರ್. ನಮ್ಮ ಭಾಷೆಯವನೊಬ್ಬ ನಿಂತಿದ್ದಾನೆ, ನಾನು ಇರಬಹುದೇ ಎಂದು ಮೇಲಿನವರನ್ನು ಮೊದಲೇ ಕೇಳಿದ್ದೆ. ಅವನು ನಿನಗೆ ನೆಂಟನೇ, ಸ್ನೇಹಿತನೇ ಎಂದು ವಿಚಾರಿಸಿ, ಅಲ್ಲವೆಂದ ಮೇಲೆ ಮುಂದುವರಿ ಎಂದಿದ್ದರು.

ನಾಮಪತ್ರದ ದಿನ ಗುರುಪ್ರಸಾದ್ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಆಕೆ ಸೀತಮ್ಮ. ಹಸಿರು ರೇಷ್ಮೆ ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಜಾಗಿಂಗ್ ಶೂ. ಮಗ ನಾಮಪತ್ರ ಚಾಚಿದ ಕೂಡಲೇ ಆಕೆ ಕೈಚೀಲದಿಂದ ಪುಟ್ಟ ಬಟ್ಟಲು ತೆಗೆದರು.

"ತಾಳಮ್ಮ, ನಾಲ್ಕು ಮೂಲೆಗೂ ಒಂಚೂರು ಅರಿಶಿನ ಹಚ್ಬಿಡ್ತೀನಿ. ಶುಭಕಾರ್ಯ."

"ಬೇಡಿ ಸೀತಮ್ಮನವರೇ, ಇದು ಸರ್ಕಾರಿ ಕಾಗದ" ಎಂದೆ.

"ಲಗ್ನಪತ್ರಿಕೆಗೆ ಹಚ್ಚಲ್ವಾ? ಹೊಸ ಸೀರೆಗೆ ಹಚ್ಚಲ್ವಾ? ಕಾಗದಕ್ಕೇನಂತೆ!"

ಗುರುಪ್ರಸಾದ್ ಮುಜುಗರದಿಂದ ತಾಯಿಯ ಕೈ ಹಿಡಿದುಕೊಂಡ. ಆಕೆ ಬಟ್ಟಲನ್ನು ಒಳಗಿಟ್ಟು, "ಹೋಗ್ಲಿ ಬಿಡು, ನನ್ನ ವೋಟಿನ ಚೀಟಿ ಮನೆಗೇ ಬರತ್ತಲ್ಲ, ಅದಕ್ಕೆ ಹಚ್ತೀನಿ. ಸಿಟಿಜನ್ ಆದ್ಮೇಲೆ ಅದೇ ಮೊದಲ್ನೇದು" ಎಂದರು. ಆ ಮಾತನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಣಿಕೆಯ ದಿನ ಪ್ರತಿ ಅಭ್ಯರ್ಥಿಯ ಪರವಾಗಿ ಒಬ್ಬ ಏಜೆಂಟ್ ನಿಂತು ನೋಡಬಹುದು. ಜೀನಿ ಪರ ಬ್ಯಾರಿ ಬಂದಿದ್ದ, ನಿವೃತ್ತ ಪ್ಲಂಬರ್. ಗುರುಪ್ರಸಾದ್ ಪರ ಅವನ ಮಗಳು ಸಿಂಚನಾ. ಕಾನೂನು ಓದಿ ಕೆಲಸಕ್ಕೆ ಸೇರಿದ್ದವಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಮನೆಯವರೆಲ್ಲ ಪಕ್ಕದ ಹಾಲ್‌ನಲ್ಲಿ ಫಲಿತಾಂಶಕ್ಕೆ ಕಾಯುತ್ತಿದ್ದರು.

ಎಣಿಕೆ ಮುಗಿಯುತ್ತಾ ಬಂದಾಗ ಎರಡು ಕಟ್ಟುಗಳೂ ಸಮಸಮ ಎತ್ತರಕ್ಕೆ ನಿಂತಿದ್ದವು. ಅನುಮಾನದ ಮತಗಳನ್ನು ಬಿಟ್ಟು ಎಣಿಸಿದೆವು. ಇಬ್ಬರಿಗೂ ಸಮ. ಮತ್ತೆ ಎಣಿಸಿದೆವು. ಸಮವೇ. ಬ್ಯಾರಿ ಮೆಲ್ಲಗೆ ಶಿಳ್ಳೆ ಹಾಕಿದ. ಅನುಮಾನದ ಮತಗಳನ್ನು ಒಂದೊಂದಾಗಿ ಎತ್ತಿಕೊಂಡೆ. ಖಾಲಿ ಬಿಟ್ಟದ್ದು, ಇಬ್ಬರಿಗೂ ಒಂದು ಎಂದು ಬರೆದದ್ದು, ಹೀಗೆ ಎಲ್ಲವೂ ತಂಟೆಯಿಲ್ಲದೆ ತಿರಸ್ಕೃತವಾದವು. ಕೊನೆಗೆ ಒಂದು ಉಳಿಯಿತು.

ಅದರ ನಾಲ್ಕು ಮೂಲೆಯೂ ಹಳದಿ.

ಬೆರಳ ತುದಿಯಿಂದ ಅಚ್ಚುಕಟ್ಟಾಗಿ ಒತ್ತಿದ ಅರಿಶಿನ. ಕಾಗದವನ್ನು ಮೇಜಿನ ಮೇಲೆ ಇಬ್ಬರಿಗೂ ಕಾಣುವಂತೆ ಇಟ್ಟೆ. ಮತ ಸ್ಪಷ್ಟವಾಗಿತ್ತು. ಜೀನಿಯ ಹೆಸರಿನ ಮುಂದೆ ದಪ್ಪಗೆ, ಒತ್ತಿ ಬರೆದ ಒಂದು.

"ಯಾರೋ ಕರಿ ತಿನ್ನುತ್ತಾ ಮತ ಹಾಕಿದ್ದಾರೆ, ಲವ್. ಕಲೆಗೆಲ್ಲ ಮತ ತಳ್ಳಿಹಾಕೋದಕ್ಕಾಗತ್ತಾ?" ಎಂದ ಬ್ಯಾರಿ. ಯಾವ ಹೆಂಗಸನ್ನಾದರೂ ಅವನು ಲವ್ ಎಂದೇ ಕರೆಯುವುದು.

ನಾನು ಸಿಂಚನಾಳನ್ನು ನೋಡಿದೆ. ಅವಳ ಮುಖದ ಬಣ್ಣ ಇಳಿದುಹೋಗಿತ್ತು. ಮೊದಲು ಮೂಲೆಗಳನ್ನು ನೋಡಿದಳು, ಆಮೇಲೆ ಆ ಒಂದನ್ನು ನೋಡಿದಳು, ಮತ್ತೆ ಮೂಲೆಗಳನ್ನು ನೋಡಿದಳು. ಅವಳ ಅಜ್ಜಿ ಆ ಕಾಗದವನ್ನು ದೇವರ ಮುಂದಿಟ್ಟು ಅರಿಶಿನ ಹಚ್ಚಿದ್ದನ್ನು ಅವಳು ಮನೆಯಲ್ಲಿ ಕಣ್ಣಾರೆ ಕಂಡಿದ್ದಳು, ಅದು ಅವಳ ಮುಖದ ಮೇಲೇ ಬರೆದಿತ್ತು. ಅಜ್ಜಿ ಆಮೇಲೆ ಯಾರ ಹೆಸರಿನ ಮುಂದೆ ಅಂಕಿ ಹಾಕಿದರು ಎಂಬುದು ಮಾತ್ರ ಅವಳಿಗೆ ಈಗ ಗೊತ್ತಾಗುತ್ತಿತ್ತು.

ಪರಿಸ್ಥಿತಿ ಹೀಗಿತ್ತು, ಗಮನಿಸಿ. ಆ ಮತ ಸಿಂಧುವಾದರೆ ಗುರುಪ್ರಸಾದ್ ಒಂದು ಮತದಿಂದ ಸೋಲುತ್ತಾನೆ. ಮತದಾರ ಯಾರೆಂದು ತಿಳಿಯುವ ಗುರುತು ಇದೆಯೆಂದು ತಿರಸ್ಕರಿಸಿದರೆ ಇಬ್ಬರೂ ಸಮ. ಸಮವಾದರೆ ನಾನು ಚೀಟಿ ಎತ್ತಿ ತೀರ್ಮಾನಿಸಬೇಕು, ಅವನಿಗೆ ಗೆಲ್ಲುವ ಅವಕಾಶ ಅರ್ಧಕ್ಕರ್ಧ ಉಳಿಯುತ್ತದೆ.

ನನಗೆ ಊಹೆಯಿತ್ತು, ಸುಳ್ಳು ಹೇಳುವುದಿಲ್ಲ. ಸೀತಮ್ಮನವರ ಬಟ್ಟಲು ಕಣ್ಣ ಮುಂದೆ ಬಂತು. ಆದರೆ ಆ ವಾರ್ಡಿನಲ್ಲಿ ನಮ್ಮವರ, ತೆಲುಗರ, ತಮಿಳರ ಮನೆಗಳು ಬೇಕಾದಷ್ಟಿದ್ದವು. ಹೊಸ ಕಾಗದಕ್ಕೆ ಅರಿಶಿನ ಹಚ್ಚುವ ಕೈ ಒಂದೇ ಅಲ್ಲ. ಊಹೆಯನ್ನು ನಂಬಿ ಒಬ್ಬರ ಮತವನ್ನು ಕಸಕ್ಕೆ ಹಾಕಲು ನನಗೆ ಅಧಿಕಾರವಿರಲಿಲ್ಲ. ಅದನ್ನೇ ಇಬ್ಬರಿಗೂ ಜೋರಾಗಿ, ಇಂಗ್ಲಿಷಿನಲ್ಲಿ ಹೇಳಿದೆ. ಇದು ಅರಿಶಿನ, ಒಳ್ಳೆಯ ಕೆಲಸಕ್ಕೆ ಮುಂಚೆ ಕಾಗದದ ಮೂಲೆಗಳಿಗೆ ಹಚ್ಚುವುದು ಅನೇಕ ಮನೆಗಳ ಪದ್ಧತಿ, ಇದರಿಂದ ಮತದಾರ ಇಂಥವರೇ ಎಂದು ನನಗೆ ಹೇಳಲು ಬರುವುದಿಲ್ಲ, ಹಾಗಾಗಿ ಮತ ಸಿಂಧು ಎಂದು ನನ್ನ ಅಭಿಪ್ರಾಯ, ಯಾರದ್ದಾದರೂ ಆಕ್ಷೇಪ ಇದೆಯೇ ಎಂದು ಕೇಳಿದೆ.

ಬ್ಯಾರಿಗೆ ಯಾತರ ಆಕ್ಷೇಪ! ಅವನ ಕಣ್ಣುಗಳು ಮಿನುಗುತ್ತಿದ್ದವು. ಸಿಂಚನಾ ತುಟಿ ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು. "ಇದು ಯಾರದ್ದೆಂದು ಯಾರಿಗಾದರೂ ಗೊತ್ತಿದ್ದರೆ?"

"ಗೊತ್ತಿರೋರು ಇಲ್ಲೇ, ಎಲ್ಲರ ಮುಂದೆ ಹೆಸರು ಹೇಳ್ಬೇಕು. ಹೇಗೆ ಗೊತ್ತು ಅಂತಾನೂ ಹೇಳ್ಬೇಕು. ನಾನು ಬರ್ಕೋತೀನಿ. ಆಮೇಲೆ ನನ್ನ ತೀರ್ಮಾನ ಬದಲಾಗ್ಬಹುದು" ಎಂದೆ. ಅವಳಿಗೆ ಬುದ್ಧಿ ಹೇಳುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಅವಳು ಹೆಸರು ಹೇಳಿದರೆ ಕಾನೂನಿನ ಪ್ರಕಾರ ಅದು ಸರಿಯೇ. ಅವಳ ಅಪ್ಪನಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಪಕ್ಕದ ಹಾಲ್‌ನಲ್ಲಿ ಕೂತ ಮುದುಕಿ, ಹೆತ್ತ ಮಗನಿಗೆ ಮತ ಹಾಕದವಳು ಎಂದು ಊರ ಬಾಯಿಗೆ ಬೀಳುತ್ತಾಳೆ.

ಆಕೆ ಯಾಕೆ ಹಾಗೆ ಮಾಡಿದರು ಎಂದು ನೀವು ಕೇಳಬಹುದು. ಜೀನಿ ಬಸ್ ಸ್ಟಾಪಿಗೆ ನೆರಳು ಹಾಕಿಸಿದ್ದಕ್ಕೋ, ಮಗ ಗಣಿ ಕೆಲಸದ ಜೊತೆಗೆ ಇನ್ನೊಂದು ಹೊರೆ ಹೊರುವುದು ಬೇಡವೆಂದೋ, ಆ ನಾಯಿ ಮುದ್ದಾಗಿತ್ತೆಂದೋ, ನನಗೆ ಗೊತ್ತಿಲ್ಲ. ಗೊತ್ತಾಗಬಾರದೆಂದೇ ಇಷ್ಟೆಲ್ಲ ಏರ್ಪಾಡು ಇರುವುದು.

ಸಿಂಚನಾ ಒಮ್ಮೆ ಗೋಡೆಯ ಕಡೆ, ತನ್ನವರು ಕಾಯುತ್ತಿದ್ದ ಹಾಲ್‌ನ ಕಡೆ ನೋಡಿದಳು. ಆಮೇಲೆ ನನ್ನನ್ನು ನೇರವಾಗಿ ನೋಡಿ, "ನೋ ಅಬ್ಜೆಕ್ಷನ್" ಎಂದಳು.

ಮೂವತ್ತೂ ಮುಟ್ಟದ ಹುಡುಗಿ. ಅಪ್ಪನ ಗೆಲುವನ್ನು ಕೈಯಲ್ಲಿ ಹಿಡಿದುಕೊಂಡು, ಅಜ್ಜಿಯ ಗುಟ್ಟಿಗಾಗಿ ಬಿಟ್ಟುಕೊಟ್ಟಳು. ನನಗೆ ಎದ್ದು ನಿಂತು ಅವಳಿಗೆ ಕೈಮುಗಿಯಬೇಕೆನಿಸಿತು. ಅಧಿಕಾರಿ ಕುರ್ಚಿಯಲ್ಲಿ ಕೂತು ಹಾಗೆಲ್ಲ ಮಾಡುವಂತಿಲ್ಲ. ಆ ಮತವನ್ನು ಜೀನಿಯ ಕಟ್ಟಿನ ಮೇಲಿಟ್ಟೆ.

ಪಕ್ಕದ ಹಾಲ್‌ಗೆ ಹೋಗಿ ಫಲಿತಾಂಶ ಓದಿದೆ. ಒಂದು ಮತದ ಅಂತರ ಎಂದಾಗ ಎಲ್ಲರೂ ಹೋ ಎಂದರು. ಗುರುಪ್ರಸಾದ್ ಒಂದು ಕ್ಷಣ ಕುಸಿದಂತೆ ಕಂಡರೂ, ಎದ್ದು ಹೋಗಿ ಜೀನಿಯ ಕೈ ಕುಲುಕಿದ. ದೊಡ್ಡ ಮನುಷ್ಯ. ನಾನು ಕಾಗದಗಳನ್ನು ಜೋಡಿಸಿಕೊಳ್ಳುತ್ತಾ ಬಾಗಿಲ ಹತ್ತಿರವೇ ಇದ್ದೆ. ಸೀತಮ್ಮನವರು ಅಲ್ಲೇ ಗೋಡೆ ಪಕ್ಕದ ಕುರ್ಚಿಯಲ್ಲಿ, ಅದೇ ಹಸಿರು ಸೀರೆಯಲ್ಲಿ ಕೂತಿದ್ದರು. ಮಗ ದೂರ ಹೋದ ಮೇಲೆ ಮೊಮ್ಮಗಳ ಸೆರಗು ಹಿಡಿದೆಳೆಯುವಂತೆ ಅವಳ ಜಾಕೆಟ್ಟಿನ ತುದಿ ಹಿಡಿದೆಳೆದರು.

"ಎಷ್ಟ್ರಲ್ಲಿ ಹೋಯ್ತಂತೆ ಪುಟ್ಟಿ? ಸರಿಯಾಗಿ ಕೇಳಿಸ್ಲಿಲ್ಲ."

"ವನ್ ವೋಟ್, ಅಜ್ಜಿ."

ಆಕೆಯ ಕೈ ಅವಳ ಜಾಕೆಟ್ಟಿನ ಮೇಲೆ ಹಾಗೇ ನಿಂತಿತು. ಮುಖ ಬಾಡಿತು. ಯಾರಿಗೂ ಕೇಳಬಾರದೆಂಬಂತೆ ಕೇಳಿದರು. "ನಂದೂ... ನಂದೂ ಎಣಿಸಿದ್ರೇನೇ?"

ಸಿಂಚನಾ ಆಕೆಯ ಮುಂದೆ ಮಂಡಿಯೂರಿ ಕೂತಳು. ಅಷ್ಟು ಹೊತ್ತೂ ಇಂಗ್ಲಿಷನ್ನೇ ಆಡಿದ್ದ ಹುಡುಗಿ, ತಡವರಿಸುತ್ತಾ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು.

"ಎಣಿಸಿದ್ರು ಅಜ್ಜಿ. ಎಲ್ಲಾರ್ದೂ ಎಣಿಸಿದ್ರು. ನಾನೇ ಅಲ್ಲಿ ಇದ್ದೆ. ಯಾವ್ದು ಯಾರ್ದು ಅಂತ ಯಾರ್ಗೂ ಗೊತ್ತಾಗಲ್ಲ."

ಸೀತಮ್ಮನವರು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಏಳಲು ಕೈ ಚಾಚಿ, "ನಡಿ, ನಿಮ್ಮಪ್ಪ ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದರು.